ಕ್ಯೂರಿಂಗ್ ಲೈನ್‌ಗೆ ರಿಯಲ್-ಟೈಮ್ ಶೆಡ್ಯೂಲಿಂಗ್: ಪ್ಲಾನ್ ಕ್ಷಣಕ್ಕೊಂದು ಬರುತ್ತೆ, ಲೈನ್ ಮಾತ್ರ ನಿಲ್ಲುತ್ತೆ

ಕೂಡ್ಲೂರು_ಶಿಫ್ಟ್

ಕುಶಾಲನಗರದ ಪಕ್ಕ ಕೂಡ್ಲೂರು ಕೈಗಾರಿಕಾ ಪ್ರದೇಶ, ಜಾಬ್‌ವರ್ಕ್ ಕಾಫಿ ಕ್ಯೂರಿಂಗ್, ಅಂದ್ರೆ ಬೆಳೆಗಾರರ ಒಣ ಕಾಫಿಯ ಸಿಪ್ಪೆ ತೆಗೆದು ಗ್ರೇಡ್ ಮಾಡಿಕೊಡೋ ಕೆಲಸ. ರೋಬಸ್ಟಾ ಚೆರ್ರಿ (ಹಣ್ಣನ್ನ ಹಾಗೇ ಒಣಗಿಸಿದ್ದು), ಅರೇಬಿಕಾ ಪಾರ್ಚ್‌ಮೆಂಟ್ (ತಿರುಳು ತೆಗೆದು ಒಣಗಿಸಿದ್ದು) ಎರಡೂ ಒಂದೇ ಆಟೋಮ್ಯಾಟಿಕ್ ಲೈನ್‌ನಲ್ಲಿ. ಪ್ರಿ-ಕ್ಲೀನರ್, ಕಲ್ಲು ತೆಗೆಯೋ ಡಿಸ್ಟೋನರ್, ಸಿಪ್ಪೆ ಸುಲಿಯೋ ಹಲ್ಲರ್, ಗಾತ್ರದ ಪ್ರಕಾರ ಬೇರ್ಪಡಿಸೋ ಗ್ರೇಡರ್ ದಾಟಿ ಬಿನ್‌ಗೆ ಬೀಳುತ್ತೆ. ಅಲ್ಲಿಂದ ಗ್ರಾವಿಟಿ ಟೇಬಲ್, ಬಣ್ಣ ನೋಡಿ ಕೆಟ್ಟ ಕಾಳು ತೆಗೆಯೋ ಕಲರ್ ಸಾರ್ಟರ್, ಮತ್ತೆ ಬಿನ್, ಆಮೇಲೆ ಬ್ಯಾಗಿಂಗ್. ತಲಾ 4 ಟನ್‌ನ 12 ಬಿನ್, ಸಾರ್ಟರ್‌ನ ಹಿಂದಕ್ಕೂ ಮುಂದಕ್ಕೂ ಅವೇ. ಹಲ್ಲರ್ ಗಂಟೆಗೆ 3 ಟನ್ ತಗೊಳ್ಳುತ್ತೆ, ಸಾರ್ಟರ್ 2 ಟನ್. ಲಾಟ್ ಸಾಮಾನ್ಯವಾಗಿ 10 ಟನ್, ಒಬ್ಬ ಬೆಳೆಗಾರರ ಲಾಟ್ ಇನ್ನೊಬ್ಬರದ್ದಕ್ಕೆ ಬೆರೆಯೋ ಹಾಗಿಲ್ಲ.

ಸ್ಕಾಡಾ (ಲೈನ್ ಮೇಲೆ ಕಣ್ಣಿಡೋ ಕಂಟ್ರೋಲ್ ವ್ಯವಸ್ಥೆ) ಮೇಲೆ ಸಿಪಿ-ಸ್ಯಾಟ್ ಸಾಲ್ವರ್ ಇದೆ, ಯಾವ ಲಾಟ್ ಯಾವಾಗ ಅಂತ ಪ್ಲಾನ್ ಹಾಕೋ ಸಾಫ್ಟ್‌ವೇರ್. ಯಾವ ಅಲಾರಂ ಬಂದ್ರೂ ಪ್ಲಾನ್ ಹೊಸದಾಗಿ ಮಾಡುತ್ತೆ, ಹಾಗಾಗಿ ಆಪರೇಟರ್‌ಗಳು ಅದನ್ನ ನೋಡೋದೇ ಬಿಟ್ಟಿದ್ದಾರೆ. ಅದಕ್ಕಿಂತ ದೊಡ್ಡ ತಲೆನೋವು: ಮೂರನೇ ಲಾಟ್ ಶುರುವಾದ ಸ್ವಲ್ಪ ಹೊತ್ತಿಗೆ ಹಲ್ಲರ್, ಸಾರ್ಟರ್ ಎರಡೂ ‘ಬಿನ್‌ಗಾಗಿ ಕಾಯುತ್ತಿದೆ’ ಅಂತ ನಿಂತುಬಿಡುತ್ತವೆ. ಡೆಲಿವರಿ ದಿನಾಂಕ ಹತ್ತಿರ ಇರೋದು ಮೊದಲು ಅನ್ನೋ ನಿಯಮ ಇಟ್ಟಿದ್ದೇವೆ. ಬೇರೆ ಯಾವ ನಿಯಮ ಸರಿ?

ಬಿನ್_ಲೆಕ್ಕ

ನಿಯಮ ಬದಲಿಸಿದರೆ ಇದು ಹೋಗಲ್ಲ. ದಿನಾಂಕದ ಪ್ರಕಾರ ಓಡಿಸಿದರೆ ಗರಿಷ್ಠ ವಿಳಂಬ ಕಡಿಮೆಯಾಗುತ್ತೆ ಅಂತ ಜಾಕ್ಸನ್ 1955ರಲ್ಲಿ ತೋರಿಸಿದ್ದು ಒಂದೇ ಮೆಷಿನ್‌ಗೆ, ಎಲ್ಲ ಕೆಲಸವೂ ಮೊದಲೇ ಸಿದ್ಧವಿದ್ದು ಚೇಂಜ್‌ಓವರ್ (ಒಂದರಿಂದ ಇನ್ನೊಂದಕ್ಕೆ ಬದಲಿಸುವಾಗ ಹೋಗುವ ಸಮಯ) ಇಲ್ಲದಿದ್ದಾಗ. ನಿಮ್ಮಲ್ಲಿ ಚೇಂಜ್‌ಓವರೂ ಇದೆ, ಬಿನ್ ಕೊರತೆಯೂ ಇದೆ.

ಬಿನ್ ಎಣಿಸಿ ನೋಡಿ. ಚೆರ್ರಿ ಲಾಟ್ ಎಎ, ಎಬಿ, ಪಿಬಿ (ಪೀಬೆರಿ, ಒಂಟಿ ದುಂಡು ಕಾಳು), ಸಿ, ಬಿಟ್ಸ್ (ಚೂರು) ಅಂತ ಗ್ರೇಡ್‌ಗೊಂದರಂತೆ ಐದು ಬಿನ್ ತೆರೆಯುತ್ತೆ. ಪಾರ್ಚ್‌ಮೆಂಟ್ ಎಎ, ಎ, ಬಿ, ಸಿ, ಪಿಬಿ, ಬಿಟ್ಸ್ ಅಂತ ಆರು. 10 ಟನ್ ಪಾರ್ಚ್‌ಮೆಂಟ್‌ಗೆ ಸುಮಾರು 8 ಟನ್ ಕ್ಲೀನ್ ಕಾಫಿ ಬರುವುದರಿಂದ ‘ಎ’ ಗ್ರೇಡ್ 4 ಟನ್ ದಾಟಿದರೆ ಏಳನೆಯದೂ ಬೇಕು. ಎರಡು ಚೆರ್ರಿ ಲಾಟ್ 10 ಬಿನ್ ಹಿಡಿದಿರುವಾಗ ಮೂರನೆಯದು ಉಳಿದ ಎರಡನ್ನೂ ನುಂಗಿತು ಅಂದುಕೊಳ್ಳಿ. ಸಾರ್ಟರ್‌ಗೆ ಅಕ್ಸೆಪ್ಟ್ (ಪಾಸಾದ ಕಾಳು) ಸುರಿಯಲು ಜಾಗವಿಲ್ಲ. ಸಾರ್ಟರ್ ಓಡದೆ ಯಾವ ಬಿನ್ನೂ ಖಾಲಿಯಾಗದು. ಇದು ಪಕ್ಕಾ ಡೆಡ್‌ಲಾಕ್. ನಿಮ್ಮ ಮಾಡೆಲ್‌ನಲ್ಲಿ ಮೆಷಿನ್‌ಗಳು ಮಾತ್ರ ಸಂಪನ್ಮೂಲ, ಬಿನ್ ಇಲ್ಲ ಅಂತ ಕಾಣುತ್ತೆ.

ಪ್ರತಿ ಗ್ರೇಡ್‌ನ ಬಿನ್ ವಾಸಕ್ಕೂ ಮಾಡೆಲ್‌ನಲ್ಲಿ ಒಂದು ಇಂಟರ್ವಲ್ (ಕಾಲಾವಧಿ) ಇಡಿ: ಹಲ್ಲಿಂಗ್ ಶುರುವಿನಿಂದ ಆ ಗ್ರೇಡ್ ಸಾರ್ಟರ್ ದಾಟುವವರೆಗೆ. ಎಲ್ಲವನ್ನೂ ಸಾಮರ್ಥ್ಯ 10ರ ಕ್ಯುಮುಲೇಟಿವ್ ಕನ್ಸ್‌ಟ್ರೇಂಟ್‌ಗೆ ಹಾಕಿ, ಅಂದರೆ ಒಂದೇ ಹೊತ್ತಿಗೆ 10 ಬಿನ್ ಮೀರಬಾರದು ಅನ್ನುವ ನಿರ್ಬಂಧ. 11 ಮತ್ತು 12 ಸಾರ್ಟರ್‌ನ ಅಕ್ಸೆಪ್ಟ್, ರಿಜೆಕ್ಟ್‌ಗೇ ಮೀಸಲು. ಲಾಟ್‌ಗೆ ಬೇಕಾದಷ್ಟೂ ಬಿನ್ ಒಟ್ಟಿಗೆ ಸಿಗದೆ ಹಲ್ಲರ್‌ಗೆ ಅದನ್ನು ಬಿಡಲೇಬಾರದು. ಹಲ್ಲಿಂಗ್ ನಡೆಯುವಾಗ ಸಾರ್ಟರ್‌ನಲ್ಲಿ ಎಬಿ ಅಥವಾ ಎ ಓಡಲಿ. ಹಲ್ಲಿಂಗ್ ಮುಗಿದ ಕೂಡಲೇ ಪಿಬಿ, ಸಿ, ಬಿಟ್ಸ್ ಕಡೆ ತಿರುಗಿಸಿ. ಅವು ಕೆಲವು ನೂರು ಕಿಲೋ ಅಷ್ಟೆ, 300 ಕಿಲೋಗೆ 9 ನಿಮಿಷ. ಮೂರು ಬಿನ್ ಬೇಗ ಬಿಡುಗಡೆಯಾದರೆ ಮುಂದಿನ ಲಾಟ್‌ಗೆ ದಾರಿಯಾಯಿತು.

ಇನ್ನೊಂದು ವಿಷಯ. ನಿಮ್ಮ ಬಾಟಲ್‌ನೆಕ್ ಒಂದೇ ಕಡೆ ಇಲ್ಲ. ಒಟಿ (ಔಟ್‌ಟರ್ನ್) 27ರ ಚೆರ್ರಿ ಅಂದರೆ 50 ಕಿಲೋ ಚೀಲಕ್ಕೆ 27 ಕಿಲೋ ಕ್ಲೀನ್ ಕಾಫಿ. ಹಲ್ಲರ್‌ನಿಂದ ಗಂಟೆಗೆ 1.62 ಟನ್ ಹೊರಗೆ, ಸಾರ್ಟರ್ ಖಾಲಿ ಕೂರುತ್ತೆ. ಪಾರ್ಚ್‌ಮೆಂಟ್‌ಗೆ 2.4 ಟನ್, ಸಾರ್ಟರ್ ಹಿಂದೆ ಬೀಳುತ್ತೆ. 10 ಟನ್ ಲಾಟ್‌ಗೆ ಹಲ್ಲರ್‌ನಲ್ಲಿ ಎರಡಕ್ಕೂ 200 ನಿಮಿಷ. ಸಾರ್ಟರ್‌ನಲ್ಲಿ ಚೆರ್ರಿಗೆ 162, ಪಾರ್ಚ್‌ಮೆಂಟ್‌ಗೆ 240. ಒಂದು ಚೆರ್ರಿ, ಒಂದು ಪಾರ್ಚ್‌ಮೆಂಟ್ ಸೇರಿದರೆ ಹಲ್ಲರ್‌ನ 400ಕ್ಕೆ ಸಾರ್ಟರ್‌ನ 402. ಇಷ್ಟು ಚೆನ್ನಾಗಿ ಕೂಡಿಬರುವುದು ಅಪರೂಪ!

ಲ್ಯಾಡರ್_ಲಾಜಿಕ್

ಅಲಾರಂ ಬಂದಾಗಲೆಲ್ಲ ಸಾಲ್ವ್ ಮಾಡೋದನ್ನ ಇವತ್ತೇ ನಿಲ್ಲಿಸಿ. ಕರೆಂಟ್ ಎರಡು ಸೆಕೆಂಡ್ ಮಿಣುಕಿದರೆ ಡ್ರೈವ್‌ಗಳೆಲ್ಲ ಸಾಲಾಗಿ ಟ್ರಿಪ್ ಆಗುತ್ತವೆ. ಅದು ಒಂದು ಘಟನೆ, ಹತ್ತಲ್ಲ. ಮೊದಲ ಅಲಾರಂ ನಂತರ 90 ಸೆಕೆಂಡ್ ಕಾಯ್ದು ಒಟ್ಟು ಮಾಡಿ. ಐದು ನಿಮಿಷದೊಳಗಿನ ನಿಲುಗಡೆಗೆ ಸಾಲ್ವರ್ ಬೇಡ, ಉಳಿದ ಪ್ಲಾನನ್ನು ಅಷ್ಟೇ ಮುಂದಕ್ಕೆ ತಳ್ಳಿ. ಅದಕ್ಕಿಂತ ಜಾಸ್ತಿಯಾದರೆ ಮಾತ್ರ ಹೊಸ ಸಾಲ್ವ್: ಹಳೆ ಉತ್ತರ ಹಿಂಟ್ (ಸುಳಿವು) ಆಗಿ ಕೊಡಿ, ಲಾಟ್ ಕ್ರಮ ಬದಲಿಸಿದ್ದಕ್ಕೆ ಲೆಕ್ಕದಲ್ಲಿ ದಂಡ ಹಾಕಿ, 10 ಸೆಕೆಂಡ್ ಮಿತಿ ಇಡಿ. ಓಡುತ್ತಿರುವ ಲಾಟ್, ಅದರ ಮುಂದಿನದು ಎರಡೂ ಫ್ರೀಜ್.

ಕರೆಂಟ್ ಬಂದ ಕೂಡಲೇ ಲೈನ್ ರೆಡಿ ಅಂತ ಸಾಲ್ವರ್‌ಗೆ ಹೇಳಬೇಡಿ. ಕಾಳು ತುಂಬಿ ನಿಂತ ಬಕೆಟ್ ಎಲಿವೇಟರ್‌ನ ಬೂಟ್ (ತಳಭಾಗ) ಜಾಮ್ ಆಗಿರುತ್ತೆ, ಮೊದಲು ಅದನ್ನ ಬಿಡಿಸಬೇಕು. ಕಂಪ್ರೆಸರ್ ಒತ್ತಡ ಏರೋ ತನಕ ಗಾಳಿ ಊದಿ ಕೆಟ್ಟ ಕಾಳು ತಳ್ಳೋ ಸಾರ್ಟರ್‌ನ ಇಜೆಕ್ಟರ್ ಸರಿಯಾಗಿ ಹೊಡೆಯಲ್ಲ, ಕರಿ ಕಾಳು ಅಕ್ಸೆಪ್ಟ್‌ಗೆ ಹೋಗುತ್ತೆ. ಇವಕ್ಕೆಲ್ಲ ಪಿಎಲ್‌ಸಿಯಲ್ಲಿ (ಮೆಷಿನ್‌ಗಳನ್ನ ನೇರ ಓಡಿಸೋ ಕಂಟ್ರೋಲರ್) ‘ರೀಸ್ಟಾರ್ಟ್’ ಅಂತ ಬೇರೆ ಸ್ಥಿತಿಯೇ ಇರಲಿ.

ಬಿನ್ ಖಾಲಿ ಸಿಗ್ನಲ್ ಎಲ್ಲಿಂದ ತಗೋತೀರಿ? ಕೆಳಗಿನ ಲೆವೆಲ್ ಸೆನ್ಸರ್‌ಗೆ ಸಿಲ್ವರ್ ಸ್ಕಿನ್ (ಕಾಳಿನ ತೆಳು ಪೊರೆ) ಮೆತ್ತಿದರೆ ಖಾಲಿ ಬಿನ್ನೂ ತುಂಬಿದ ಹಾಗೆ ತೋರಿಸುತ್ತೆ. ತೂಕ ನೋಡೋ ಲೋಡ್ ಸೆಲ್ ಸೊನ್ನೆ ಹತ್ತಿರ, ಗೇಟ್ ತೆರೆದು 60 ಸೆಕೆಂಡ್: ಎರಡೂ ಸೇರಿದರೆ ಮಾತ್ರ ಖಾಲಿ.

ಕೂಡ್ಲೂರು_ಶಿಫ್ಟ್

ಹೌದು, ಬಿನ್ ಮಾಡೆಲ್‌ನಲ್ಲಿ ಇರಲಿಲ್ಲ. ಸಿಗ್ನಲ್ ಕೂಡ ಬರೀ ಲೆವೆಲ್ ಸೆನ್ಸರ್‌ದು. ಆದರೆ ಒಂದು ಚೆರ್ರಿ, ಒಂದು ಪಾರ್ಚ್‌ಮೆಂಟ್ ಅಂದ್ರೆ ಚೇಂಜ್‌ಓವರ್? ಪಾರ್ಚ್‌ಮೆಂಟ್ ಆದ್ಮೇಲೆ ಚೆರ್ರಿಗೆ 15 ನಿಮಿಷ, ಚೆರ್ರಿಯಿಂದ ಪಾರ್ಚ್‌ಮೆಂಟ್‌ಗೆ 40. ಮಧ್ಯೆ ಅರ್ಜೆಂಟ್ ಲಾಟ್ ಬಂದ್ರೆ?

ಬಿನ್_ಲೆಕ್ಕ

ಆ 40 ನಿಮಿಷ ಕಡಿತ ಮಾಡಲು ಹೋಗಬೇಡಿ, ಅರೇಬಿಕಾದಲ್ಲಿ ರೋಬಸ್ಟಾ ಕಾಳು ಸಿಕ್ಕರೆ ಇಡೀ ಲಾಟ್‌ನ ಬೆಲೆ ಹೋಗುತ್ತೆ. ಒಂದೊಂದಾಗಿ ಅದಲುಬದಲು ಮಾಡಿದರೆ ಪ್ರತಿ ಜೋಡಿಗೆ 55 ನಿಮಿಷ ಹಲ್ಲರ್ ನಿಲ್ಲುತ್ತೆ. ಎರಡು ಪಾರ್ಚ್‌ಮೆಂಟ್, ಎರಡು ಚೆರ್ರಿ ಅಂತ ಹೋದರೆ ನಾಲ್ಕು ಲಾಟ್‌ಗೆ ಅದೇ 55. ಎರಡನೇ ಪಾರ್ಚ್‌ಮೆಂಟ್‌ಗೆ ಆರೇಳು ಬಿನ್ ಖಾಲಿಯಾಗುವವರೆಗೆ ಹಲ್ಲರ್ ಕಾಯುತ್ತೆ, ಆ ಹೊತ್ತಲ್ಲಿ ಗ್ರೇಡರ್ ಜರಡಿ ಬಡಿದುಕೊಳ್ಳಿ. ಮೂರು ಪಾರ್ಚ್‌ಮೆಂಟ್ ಸತತ ಬೇಡ: ಲಾಟ್‌ಗೆ 40 ನಿಮಿಷದಂತೆ ಸಾರ್ಟರ್ ಹಿಂದೆ ಬೀಳುತ್ತೆ, ರಿಜೆಕ್ಟ್ ಶೇ. 10 ಇದ್ದು ಎರಡನೇ ಪಾಸ್ ಹಾಕಿದರೆ ಇನ್ನೂ 24.

ಮಳೆಗಾಲಕ್ಕೆ ಈ ಅಂಕಿಗಳು ನಡೆಯಲ್ಲ. ಗೋಡೌನ್‌ನಲ್ಲಿ ಕಾಳು ತೇವ ಎಳೆದುಕೊಂಡಿದ್ದರೆ ಹಲ್ಲರ್ ಫೀಡ್ ಇಳಿಸಲೇಬೇಕು, ಇಲ್ಲದಿದ್ದರೆ ಕಾಳು ಚಪ್ಪಟೆಯಾಗುತ್ತೆ. ನಿಗದಿತ 200 ನಿಮಿಷದ ಬದಲು ಇನ್‌ಫೀಡ್ ತೂಕದಿಂದ ಉಳಿದ ಸಮಯ ಲೆಕ್ಕ ಹಾಕಿ.

ಲ್ಯಾಡರ್_ಲಾಜಿಕ್

ಅರ್ಜೆಂಟ್ ಲಾಟ್ ಬಂದರೆ ಲಾಟ್ ಅಂಚಿನಲ್ಲಿ ಮಾತ್ರ ತೂರಿಸಿ. ನಾನು ಹೇಳಿದ ಫ್ರೀಜ್‌ನಲ್ಲಿ ಮುಂದಿನ ಲಾಟ್ ಸಡಿಲಿಸಬಹುದು, ಓಡುತ್ತಿರೋದನ್ನ ಮುಟ್ಟಬೇಡಿ. ಅರ್ಧಕ್ಕೆ ನಿಲ್ಲಿಸಿದ ಲಾಟ್ ತನ್ನ ಐದಾರು ಬಿನ್ ಹಿಡಿದುಕೊಂಡೇ ಕೂರುತ್ತೆ. ಮೇಲಿಂದ ಎಷ್ಟು ಫೋನ್ ಬಂದರೂ ಇದೇ ಉತ್ತರ ಕೊಡಿ.

ಸಾಲ್ವರ್ ಕಳಿಸಬೇಕಾದ್ದು ಲಾಟ್ ನಂಬರ್, ರೆಸಿಪಿ, ರೂಟ್ ಅಷ್ಟೆ. ಬಿನ್ ಖಾಲಿ ಇದೆಯಾ ಅಂತ ಪಿಎಲ್‌ಸಿ ತಾನೇ ನೋಡಿ ಒಪ್ಪಿಗೆ ಬಿಟ್ ಎತ್ತಬೇಕು, ಎತ್ತದಿದ್ದರೆ ಗೇಟ್ ತೆರೆಯಬಾರದು. 11, 12ನೇ ಬಿನ್‌ಗಳ ಮೀಸಲೂ ಪಿಎಲ್‌ಸಿಯಲ್ಲೇ ಲಾಕ್ ಆಗಿರಲಿ. ಅಂಥ ಎರಡು ಬಿನ್ ಇವೆ ಅಂತ ಸಾಲ್ವರ್‌ಗೆ ಗೊತ್ತೇ ಆಗೋದು ಬೇಡ.