ಸೆಂಟರ್ ಸ್ಟ್ಯಾಂಡ್ ಇಲ್ಲದ ಬೈಕಿಗೆ ಮನೆಯಲ್ಲಿ ಯಾವ ಲಿಫ್ಟ್ ಇಟ್ಟುಕೊಳ್ಳುವುದು?

ಪ್ರಶ್ನೆ

ಬೈಕಿನ ತೂಕ ಸುಮಾರು 180 ಕೆಜಿ, ಸೆಂಟರ್ ಸ್ಟ್ಯಾಂಡ್ ಇಲ್ಲ. ಚೈನ್ ಸ್ವಚ್ಛ ಮಾಡಿ ಎಣ್ಣೆ ಹಾಕಬೇಕು, ಹಿಂದಿನ ಚಕ್ರ ಬಿಚ್ಚಬೇಕು, ಇಂಜಿನ್ ಅಡಿಗೆ ಅಂಟಿದ ಕೆಸರು ತೆಗೆಯಬೇಕು. ಇದಕ್ಕೆ ಹಿಂದಿನ ಚಕ್ರವನ್ನು ಎತ್ತಿ ಹಿಡಿಯುವ ಪ್ಯಾಡಾಕ್ ಸ್ಟ್ಯಾಂಡ್ ಸಾಕೋ, ಅಡಿಯಿಂದ ಎತ್ತುವ ಕತ್ತರಿ ಜ್ಯಾಕ್ ಬೇಕೋ? ಸೈಲೆನ್ಸರ್ ಪೈಪ್ ಇಂಜಿನ್ ಕೆಳಗೇ ಹಾದುಹೋಗಿದೆ. ಜ್ಯಾಕ್ ಎಲ್ಲಿಗೆ ಕೊಡಬೇಕು ಅನ್ನುವುದೇ ಗೊಂದಲ.

ಉತ್ತರ 1

ಪೈಪ್ ಕೆಳಗಿದೆ ಅಂದಮೇಲೆ ಪ್ಯಾಡಾಕ್ ಸ್ಟ್ಯಾಂಡೇ ಸರಿ. ಕತ್ತರಿ ಜ್ಯಾಕ್ ಫ್ರೇಮಿನ ಕೆಳಗಿನ ಎರಡು ಕೊಳವೆಗಳಿಗೆ ಕೂರಬೇಕು. ಕೆಲವು ಬೈಕುಗಳಲ್ಲಿ ಆ ಕೊಳವೆಗಳೇ ಇರುವುದಿಲ್ಲ, ಇಂಜಿನ್ನೇ ಫ್ರೇಮಿನ ಭಾಗ. ಅಂಥ ಕಡೆ ಭಾರವೆಲ್ಲ ಆಯಿಲ್ ಸಂಪ್ (ಇಂಜಿನ್ ಅಡಿಯ ಎಣ್ಣೆ ತೊಟ್ಟಿ) ಮೇಲೆ ಬಿದ್ದರೆ ಅಲ್ಯೂಮಿನಿಯಂ ಬಿರುಕು ಬಿಡಬಹುದು. ಪೈಪಿಗೆ ಕೊಟ್ಟು ಎತ್ತಿದರೆ ಪೈಪ್ ನೆಗ್ಗುತ್ತದೆ, ಅದನ್ನು ಇಂಜಿನ್ ಹೆಡ್ಡಿಗೆ ಹಿಡಿದಿರುವ ಸ್ಟಡ್‌ಗಳಿಗೂ ಎಳೆತ ಬೀಳುತ್ತದೆ.

ಸ್ವಿಂಗ್‌ಆರ್ಮ್‌ನಲ್ಲಿ (ಹಿಂದಿನ ಚಕ್ರವನ್ನು ಹಿಡಿದಿರುವ ತೋಳು) ಸ್ಪೂಲ್ (ಸ್ಟ್ಯಾಂಡಿನ ಕೊಕ್ಕೆ ಕೂರುವ ಗುಂಡು ತುಂಡು) ಕೂರಿಸುವ ತೂತು ಇದೆಯೇ ನೋಡಿ. ಬೈಕಿನಿಂದ ಬೈಕಿಗೆ ಅದು 6, 8 ಅಥವಾ 10 ಮಿ.ಮೀ. ಬೋಲ್ಟಿನದು. ಸ್ಪೂಲ್ ಬೋಲ್ಟ್ ಮೊದಲ ನಾಲ್ಕೈದು ಸುತ್ತು ಕೈಯಲ್ಲೇ ಹೋಗಬೇಕು. ಹೋಗದಿದ್ದರೆ ಅಳತೆ ತಪ್ಪು, ಸ್ಪ್ಯಾನರ್ ಹಾಕಿ ಒತ್ತಾಯ ಮಾಡಬೇಡಿ. ತೂತೇ ಇಲ್ಲದಿದ್ದರೆ ಎಲ್ ಆಕಾರದ ರಬ್ಬರ್ ಪ್ಯಾಡ್ ಇರುವ ಸ್ಟ್ಯಾಂಡ್ ತನ್ನಿ.

ಎತ್ತುವ ಕ್ರಮ: ಸಮತಟ್ಟಾದ ಗಟ್ಟಿ ನೆಲ, ಹ್ಯಾಂಡಲ್ ನೇರ. ಎಡಬದಿಯಲ್ಲಿ ನಿಂತು ಸೀಟಿನ ಹಿಂದಿನ ಹಿಡಿಯಿಂದ ಬೈಕನ್ನು ನೆಟ್ಟಗೆ ಮಾಡಿ, ಎರಡೂ ಸ್ಪೂಲ್ ಕೊಕ್ಕೆಯಲ್ಲಿ ಕೂತಿವೆಯೇ ನೋಡಿ, ಆಮೇಲೆ ಸ್ಟ್ಯಾಂಡಿನ ಹಿಡಿಯನ್ನು ಒಂದೇ ಸಮ ಕೆಳಕ್ಕೆ ಒತ್ತಿ. ಕೈ ಕೂರುವ ತನಕ ಇನ್ನೊಬ್ಬರು ಹ್ಯಾಂಡಲ್ ಹಿಡಿದಿರಲಿ. ಮೇಲೆ ಬಂದ ತಕ್ಷಣ ಮುಂದಿನ ಬ್ರೇಕ್ ಲಿವರ್ ಅನ್ನು ಪಟ್ಟಿಯಿಂದ ಬಿಗಿಯಾಗಿ ಕಟ್ಟಿ. ಹಿಂದಿನ ಚಕ್ರ ನೆಲ ಬಿಟ್ಟ ಮೇಲೆ ಗೇರ್ ಬೈಕನ್ನು ಹಿಡಿದಿಡುವುದಿಲ್ಲ. ಇದನ್ನು ಮರೆತಾಗಲೇ ಬೈಕ್ ಮುಂದೆ ಜಾರಿ ಸ್ಟ್ಯಾಂಡಿನಿಂದ ಬೀಳುವುದು. ಇಳಿಸುವ ಮುಂಚೆ ಸೈಡ್ ಸ್ಟ್ಯಾಂಡ್ ಹಾಕಿರಿ.

ಉತ್ತರ 2

ಮೇಲಿನದೆಲ್ಲ ಸರಿ. ಚೈನ್ ವಿಷಯ ಸೇರಿಸುತ್ತೇನೆ, ಲಿಫ್ಟ್ ಮೇಲೆ ಹೆಚ್ಚು ತಪ್ಪಾಗುವುದು ಅಲ್ಲೇ.

ಪ್ಯಾಡಾಕ್ ಸ್ಟ್ಯಾಂಡ್ ಸ್ವಿಂಗ್‌ಆರ್ಮನ್ನೇ ಹಿಡಿಯುವುದರಿಂದ ಶಾಕ್ ಅಬ್ಸಾರ್ಬರ್ ಮೇಲೆ ಭಾರ ಹಾಗೇ ಇರುತ್ತದೆ. ಕತ್ತರಿ ಜ್ಯಾಕ್ ಫ್ರೇಮನ್ನು ಎತ್ತುತ್ತದೆ, ಚಕ್ರ ಕೆಳಗೆ ಜೋತುಬೀಳುತ್ತದೆ. ಮುಂದಿನ ಸ್ಪ್ರಾಕೆಟ್, ಸ್ವಿಂಗ್‌ಆರ್ಮ್ ಪಿವಟ್, ಹಿಂದಿನ ಆಕ್ಸಲ್ ಮೂರೂ ಒಂದೇ ಗೆರೆಗೆ ಬಂದಾಗ ಚೈನ್ ಅತಿ ಬಿಗಿ. ಚಕ್ರ ಜೋತುಬಿದ್ದಾಗ ಹೆಚ್ಚಿನ ಬೈಕುಗಳಲ್ಲಿ ಚೈನ್ ಸಡಿಲವಾಗಿ ಕಾಣುತ್ತದೆ. ಕೈಪಿಡಿಯಲ್ಲಿ 25–35 ಮಿ.ಮೀ. ಪ್ಲೇ (ಚೈನಿನ ಸಡಿಲ) ಅಂತ ಇದೆ ಅಂದುಕೊಳ್ಳಿ. ಜೋತುಬಿದ್ದ ಸ್ಥಿತಿಯಲ್ಲೇ ಅಷ್ಟಕ್ಕೆ ತಂದರೆ, ಸವಾರ ಕೂತಾಗ ಪ್ಲೇ ಉಳಿಯುವುದೇ ಇಲ್ಲ. ಮುಂದಿನ ಸ್ಪ್ರಾಕೆಟ್ ಕೂತಿರುವ ಔಟ್‌ಪುಟ್ ಶಾಫ್ಟಿನ ಬೇರಿಂಗ್ ಮತ್ತು ಸೀಲ್ ಹಾಳಾಗುವುದು ಹೀಗೆ. ಕೈಪಿಡಿ ಸೈಡ್ ಸ್ಟ್ಯಾಂಡ್ ಮೇಲೆ ಅಳೆಯಿರಿ ಅಂದರೆ ಕೆಳಗಿಳಿಸಿ ಅಲ್ಲೇ ಅಳೆಯಿರಿ. ಚಕ್ರ ತಿರುಗಿಸುತ್ತ ನಾಲ್ಕೈದು ಕಡೆ ನೋಡಿ, ಅತಿ ಬಿಗಿ ಇರುವ ಜಾಗಕ್ಕೆ ಹೊಂದಿಸಿ.

ಸ್ವಚ್ಛ ಮಾಡಲು ಸೀಮೆಎಣ್ಣೆ ಮತ್ತು ಮೆತ್ತನೆಯ ನೈಲಾನ್ ಬ್ರಷ್. ಓ-ರಿಂಗ್ ಚೈನಿಗೆ (ಕೊಂಡಿಗಳ ನಡುವೆ ರಬ್ಬರ್ ಉಂಗುರ ಇರುವುದು) ಪೆಟ್ರೋಲ್ ಬೇಡ, ತಂತಿ ಬ್ರಷ್ ಬೇಡ. ನ್ಯೂಟ್ರಲ್‌ನಲ್ಲಿಟ್ಟು ಕೈಯಲ್ಲೇ ಚಕ್ರ ತಿರುಗಿಸಿ. ಇಂಜಿನ್ ಚಾಲೂ ಮಾಡಿ ಗೇರ್ ಹಾಕಿ ತಿರುಗಿಸಬೇಡಿ, ಸ್ಪ್ರಾಕೆಟಿಗೆ ಬಟ್ಟೆ ಸಿಕ್ಕಿದರೆ ಬೆರಳೂ ಹಿಂದೆಯೇ ಹೋಗುತ್ತದೆ. ಒರೆಸಿ ಒಣಗಿದ ಮೇಲೆ ಕೆಳಗಿನ ಎಳೆಯ ಒಳಮುಖಕ್ಕೆ 80ಡಬ್ಲ್ಯೂ-90 ಗೇರ್ ಆಯಿಲ್ ಹಾಕಿ. ಚೈನ್ ಓಡುವಾಗ ಎಣ್ಣೆ ತಾನಾಗಿ ಹೊರಕ್ಕೆ ಬರುತ್ತದೆ. ಹೆಚ್ಚಾದದ್ದನ್ನು ಒರೆಸಿ. ಡಿಸ್ಕ್‌ಗೆ ಮೊದಲೇ ಬಟ್ಟೆ ಸುತ್ತಿಡುವುದು ಒಳ್ಳೆಯದು.

ಪ್ರಶ್ನೆ ಕೇಳಿದವರು

ಧನ್ಯವಾದ. ಸ್ಟ್ಯಾಂಡ್ ಮೇಲಿಟ್ಟೇ ನೀರು ಹಾಕಿ ತೊಳೆಯಬಹುದೇ? ಮುಂದೆಂದಾದರೂ ಫೋರ್ಕ್ (ಮುಂದಿನ ಚಕ್ರ ಹಿಡಿದಿರುವ ಎರಡು ಕಾಲು) ಕೆಲಸ ಬಂದರೆ ಏನು ಮಾಡಲಿ?

ಉತ್ತರ 3

ನೀರು ಹಾಕುವುದು ಸೈಡ್ ಸ್ಟ್ಯಾಂಡ್ ಮೇಲೆಯೇ ಆಗಲಿ. ಸೋಪು ನೀರು, ಸೀಮೆಎಣ್ಣೆ ತಾಗಿದ ರಬ್ಬರ್ ಪ್ಯಾಡ್ ಜಾರುತ್ತದೆ, ಸೀಮೆಎಣ್ಣೆಗೆ ರಬ್ಬರ್ ಉಬ್ಬುವುದೂ ಉಂಟು. ಕೆಸರು ಮೊದಲು ನೆನೆಸಿ, ಇಂಜಿನ್ ತಣ್ಣಗಾದ ಮೇಲೆ ಮಾತ್ರ ಡಿಗ್ರೀಸರ್ ಹಾಕಿ, ಸಾದಾ ಪೈಪಿನಿಂದ ತೊಳೆಯಿರಿ. ಪ್ರೆಶರ್ ವಾಷರ್ ಆದರೆ ಚಕ್ರದ ಬೇರಿಂಗ್, ಸ್ಟೀರಿಂಗ್ ಬೇರಿಂಗ್, ಚೈನ್ ಇವುಗಳಿಗೆ ನೇರ ಹೊಡೆಯಬೇಡಿ, ಸೀಲ್ ದಾಟಿ ನೀರು ಒಳಗೆ ಹೋಗಿ ಗ್ರೀಸ್ ಕೆಡುತ್ತದೆ. ಒಣಗಿದ ಮೇಲೆ ಸ್ಟ್ಯಾಂಡಿಗೆ ಏರಿಸಿ, ಬ್ರಷ್ ಹಿಡಿದು ಸಂದುಗೊಂದುಗಳ ಕೆಲಸ ಮುಗಿಸಿ.

ಫೋರ್ಕ್ ಬಿಚ್ಚಬೇಕಾದರೆ ಫೋರ್ಕಿನ ಕೆಳಗಿನಿಂದ ಎತ್ತುವ ಸ್ಟ್ಯಾಂಡ್ ಪ್ರಯೋಜನವಿಲ್ಲ. ಸ್ಟೀರಿಂಗ್ ಸ್ಟೆಮ್ (ಹ್ಯಾಂಡಲ್ ತಿರುಗುವ ನಡುಗೊಳವೆ) ತೂತಿಗೆ ಪಿನ್ ಕೊಡುವಂಥದ್ದು ಬೇಕು. ಹಿಂದಿನ ಸ್ಟ್ಯಾಂಡ್ ಮೊದಲು, ಮುಂದಿನದು ಆಮೇಲೆ. ಇಳಿಸುವಾಗ ತಿರುಗುಮುರುಗು.

ಉತ್ತರ 4

ಹೈಡ್ರಾಲಿಕ್ ಲಿಫ್ಟ್ ಇರುವವರಿಗೆ ಒಂದು ಮಾತು. ಎತ್ತಿದ ಮೇಲೆ ಕಬ್ಬಿಣದ ಲಾಕ್ ಹಾಕದೆ ಕೆಳಗೆ ಕೈ ಇಡಬೇಡಿ, ಸೀಲ್ ಸೋರಿದರೆ ಲಿಫ್ಟ್ ಸದ್ದಿಲ್ಲದೆ ಇಳಿಯುತ್ತದೆ. ಪಂಪ್ ಮಾಡಿದರೂ ಮೆತ್ತಗೆ ಕುಪ್ಪಳಿಸಿದರೆ ಒಳಗೆ ಗಾಳಿ ಸೇರಿದೆ: ಭಾರ ಇಳಿಸಿ, ರಿಲೀಸ್ ವಾಲ್ವ್ ತೆರೆದು ಹತ್ತು-ಹದಿನೈದು ಸಲ ಪಂಪ್ ಮಾಡಿ, ವಾಲ್ವ್ ಮುಚ್ಚಿ ಪರೀಕ್ಷಿಸಿ. ಎಣ್ಣೆ ಕಡಿಮೆ ಇದ್ದರೆ ಜ್ಯಾಕ್ ಆಯಿಲ್ಲೇ ಹಾಕಿ. ಬ್ರೇಕ್ ಆಯಿಲ್ ಹಾಕಿದರೆ ಸೀಲ್ ಉಬ್ಬಿ ಹಾಳಾಗುತ್ತದೆ.

ಕತ್ತರಿ ಜ್ಯಾಕ್ ಮೇಲಿಟ್ಟು ಹಿಂದಿನ ಚಕ್ರ ಬಿಚ್ಚಿದರೆ ಹಿಂಭಾರ ಕಳೆದು ಬೈಕ್ ಮುಂದಕ್ಕೆ ಮುಗ್ಗರಿಸುತ್ತದೆ. ಆಕ್ಸಲ್ ನಟ್ ಸಡಿಲಿಸುವುದು ಎತ್ತುವ ಮುಂಚೆಯೇ ಆಗಿರಲಿ, ಎತ್ತಿದ ಮೇಲೆ ಫ್ರೇಮಿನ ಎರಡೂ ಬದಿಯಿಂದ ಜ್ಯಾಕಿಗೆ ಪಟ್ಟಿ ಬಿಗಿದು ಆಮೇಲೆ ಚಕ್ರ ಎಳೆಯಿರಿ. ಕ್ಯಾಲಿಪರ್ (ಬ್ರೇಕ್ ಪ್ಯಾಡ್ ಹಿಡಿದಿರುವ ಭಾಗ) ಅನ್ನು ಬ್ರೇಕ್ ಹೋಸಿನಲ್ಲಿ ನೇತಾಡಲು ಬಿಡದೆ ತಂತಿಯಿಂದ ಫ್ರೇಮಿಗೆ ಕಟ್ಟಿ.