ರಿಂಗ್ ರೋಡ್ ತಿರುವಿಗೆ ಸ್ಪೀಡ್ ಕ್ಯಾಮೆರಾ ಬೇಕಾ? ಅರ್ಜಿಗೆ ಮುಂಚೆ ಮಾತಾಡೋಣ

ಕಾರ್ಯದರ್ಶಿ
ಎಲ್ಲರಿಗೂ ನಮಸ್ಕಾರ. ರಿಂಗ್ ರೋಡಿನಿಂದ ನಮ್ಮ ಬಡಾವಣೆಗೆ ತಿರುಗುವ ಜಾಗದಲ್ಲಿ ಮತ್ತೆ ಒಂದು ಸ್ಕೂಟರಿಗೆ ಕಾರು ಗುದ್ದಿದೆ. ಹುಡುಗನ ಕಾಲು ಮುರಿದಿದೆ, ಜೀವಕ್ಕೇನೂ ತೊಂದರೆ ಇಲ್ಲ. ಅಲ್ಲಿ ಸ್ಪೀಡ್ ಕ್ಯಾಮೆರಾ ಹಾಕಿ ಅಂತ ಸಂಚಾರ ಪೊಲೀಸರಿಗೆ ಅರ್ಜಿ ಕೊಡುವ ಮಾತು ಸಮಿತಿಯಲ್ಲಿ ಬಂದಿದೆ. ಆಕ್ಷೇಪ ಇದ್ದರೆ ಇಲ್ಲೇ ಹೇಳಿಬಿಡಿ. ಆಮೇಲೆ ನಮ್ಮನ್ನು ಕೇಳಲೇ ಇಲ್ಲ ಅನ್ನಬೇಡಿ.

3ನೇ ಕ್ರಾಸ್, ಟ್ಯಾಕ್ಸಿಯವರು
ನನ್ನ ಆಕ್ಷೇಪ ಇದೆ ಸರ್. ದಿನಾ ರೋಡಲ್ಲೇ ಇರುವವನು ಹೇಳುತ್ತಿದ್ದೇನೆ, ಈ ಕ್ಯಾಮೆರಾ ಎಲ್ಲ ಖಜಾನೆ ತುಂಬಿಸೋಕೆ. ನೇರ ರಸ್ತೆ, ಅಕ್ಕಪಕ್ಕ ಒಂದು ಮನೆ ಇಲ್ಲ, ಒಂದು ತಿರುವಿಲ್ಲ, ಅಲ್ಲಿ ಮರದ ಮರೆಯಲ್ಲಿ ಪೊಲೀಸರ ಇಂಟರ್‌ಸೆಪ್ಟರ್, ಅಂದರೆ ಸ್ಪೀಡ್ ಅಳೆಯುವ ಗಾಡಿ ನಿಂತಿರುತ್ತದೆ. ಇಳಿಜಾರಲ್ಲಿ 80 ಇರಬೇಕಾದ್ದು 88 ಆಯಿತೋ, ಮೊಬೈಲಿಗೆ ಸಾವಿರ ರೂಪಾಯಿ ದಂಡದ ಮೆಸೇಜ್. ಅದು ನನ್ನ ಒಂದು ದಿನದ ದುಡಿಮೆ. ನಿಜವಾಗಿ ಜನ ಬೀಳುವ ಜಾಗದಲ್ಲಿ ಯಾರೂ ಇರಲ್ಲ. ಇನ್ನು ಆ ಅರ್ಧ ದಂಡದ ಕಥೆ ಗೊತ್ತಲ್ಲ? 2023ರ ಫೆಬ್ರವರಿಯಲ್ಲಿ ಬಾಕಿ ದಂಡಕ್ಕೆ ಶೇ 50 ರಿಯಾಯಿತಿ ಅಂದರು, ಬೆಂಗಳೂರೊಂದರಲ್ಲೇ ಕೆಲವೇ ದಿನಕ್ಕೆ ನೂರು ಕೋಟಿ ದಾಟಿತು. 2025ರ ಆಗಸ್ಟಲ್ಲಿ ಮತ್ತೆ ಅದೇ. ಮೆಸೇಜ್ ಬಂದ ದಿನವೇ ಪೂರ್ತಿ ಕಟ್ಟಿದ ನನ್ನಂಥವನು ದಡ್ಡ, ಎರಡು ವರ್ಷ ಸತಾಯಿಸಿದವನು ಜಾಣ. ಆಷಾಢ ಸೇಲ್ ಥರ ದಂಡಕ್ಕೂ ಡಿಸ್ಕೌಂಟ್ ಕೊಟ್ಟರೆ ಇದು ಸುರಕ್ಷತೆಯಾ ವ್ಯಾಪಾರವಾ, ನೀವೇ ಹೇಳಿ.

5ನೇ ಕ್ರಾಸ್, ಮೂಲೆ ಮನೆ
ಅಣ್ಣಾ, ಮಿತಿಯೊಳಗೆ ಓಡಿಸಿದರೆ ಮೆಸೇಜ್ ಯಾಕೆ ಬರುತ್ತದೆ? ನಮ್ಮತ್ತೆ ಹಾಲಿನ ಬೂತಿಗೆ ಹೋಗೋಕೆ ಆ ರಸ್ತೆ ದಾಟಬೇಕು. ಸರ್ಕಾರಕ್ಕೆ ದುಡ್ಡು ಸಿಗುತ್ತದೋ ಬಿಡುತ್ತದೋ, ಗಾಡಿ ನಿಧಾನ ಆದರೆ ನನಗೆ ಸಾಕು.

2ನೇ ಮೇನ್, ವಾರಾಂತ್ಯಕ್ಕೆ ಬರುವವರು
ಬೇರೆ ಎಲ್ಲೂ ಹೋಗಬೇಡಿ, ಬೆಂಗಳೂರು-ಮೈಸೂರು ಹೆದ್ದಾರಿ ನೋಡಿ. 2023ರ ಮಾರ್ಚಲ್ಲಿ ಉದ್ಘಾಟನೆ ಆದಾಗ ಒಂದೂವರೆ ಗಂಟೆಯಲ್ಲಿ ಊರು ಸೇರಿದೆ ಅಂತ ಎಲ್ಲರೂ ಸ್ಟೇಟಸ್ ಹಾಕಿದ್ದೇ ಹಾಕಿದ್ದು. ಆ ವರ್ಷ ಆ ರಸ್ತೆಯಲ್ಲಿ ಸತ್ತವರು 188 ಜನ, ಇದು ಪೊಲೀಸರದ್ದೇ ಲೆಕ್ಕ. 2024ರಲ್ಲಿ ಅದು 50ರ ಆಸುಪಾಸಿಗೆ ಇಳಿಯಿತು. ನಡುವೆ ಆದದ್ದೇನು? ಉದ್ದಕ್ಕೂ ಕ್ಯಾಮೆರಾ ಬಂತು. ಮೊದಲೆಲ್ಲ ರಡಾರ್ ಗನ್ ಹಿಡಿದ ಪೊಲೀಸರು ಕಂಡರೆ ಬ್ರೇಕ್, ಎದುರಿನಿಂದ ಬರುವವರಿಗೆ ಲೈಟ್ ಮಿಟುಕಿಸಿ ಸುಳಿವು, ದಾಟಿದ ಮೇಲೆ ಮತ್ತೆ 130. ಈಗ ಒಂದು ಕ್ಯಾಮೆರಾದಿಂದ ಇನ್ನೊಂದಕ್ಕೆ ಎಷ್ಟು ಹೊತ್ತಲ್ಲಿ ಬಂದಿರಿ ಅಂತ ಲೆಕ್ಕ ಹಾಕುತ್ತಾರೆ, ಅದರ ಮುಂದೆ ಕಳ್ಳಾಟ ನಡೆಯಲ್ಲ. 130 ದಾಟಿದರೆ ಎಫ್‌ಐಆರ್ ಅಂತ 2024ರ ಆಗಸ್ಟ್ 1ರಿಂದ ಶುರುವಾಯಿತು. ನಮ್ಮ ಭಾವಮೈದ ಕೂಡ ಈಗ 100 ದಾಟಿಸಲ್ಲ. ಅವನನ್ನು ಬಲ್ಲವರು ಇದನ್ನು ನಂಬುವುದು ಕಷ್ಟ.

ಮೇಷ್ಟ್ರು, 1ನೇ ಮೇನ್
ಪೂರ್ತಿ ಪುಣ್ಯ ಕ್ಯಾಮೆರಾಕ್ಕೇ ಕೊಡಬೇಡಿ ಸ್ವಾಮಿ. 2023ರ ಆಗಸ್ಟ್ 1ರಿಂದ ಬೈಕು, ಆಟೋ, ಟ್ರ್ಯಾಕ್ಟರ್ ಆ ಹೆದ್ದಾರಿಯ ಮುಖ್ಯ ಪಥಕ್ಕೆ ಬರುವಂತಿಲ್ಲ, ಸರ್ವೀಸ್ ರಸ್ತೆಯಲ್ಲೇ ಹೋಗಬೇಕು. ಹೆಚ್ಚು ಅಪಾಯದಲ್ಲಿದ್ದವರೇ ಆ ರಸ್ತೆಯಿಂದ ಇಳಿದ ಮೇಲೆ ಸಾವು ಕಮ್ಮಿ ಆಗಲೇಬೇಕಲ್ಲ. ಅದರಲ್ಲಿ ಕ್ಯಾಮೆರಾದ ಪಾಲು ಎಷ್ಟು, ನಿಷೇಧದ ಪಾಲು ಎಷ್ಟು ಅಂತ ಬಿಡಿಸದೆ 188 ಮತ್ತು 50 ಎರಡನ್ನೇ ಅಕ್ಕಪಕ್ಕ ಇಟ್ಟರೆ ನನ್ನ ವಿದ್ಯಾರ್ಥಿಯಾಗಿದ್ದರೆ ಅರ್ಧ ಅಂಕ ಕಳೆಯುತ್ತಿದ್ದೆ. ಇನ್ನೊಂದು ಗಮನಿಸಿ. ಒಂದು ಜಾಗದಲ್ಲಿ ಯಾವುದೋ ವರ್ಷ ಅಪಘಾತ ವಿಪರೀತ ಆದರೆ, ಮುಂದಿನ ವರ್ಷ ಏನೂ ಮಾಡದಿದ್ದರೂ ಸಾಮಾನ್ಯವಾಗಿ ಸ್ವಲ್ಪ ಇಳಿಯುತ್ತದೆ. ನಾವು ಕ್ಯಾಮೆರಾ ಹಾಕುವುದೇ ಅಂಥ ಕೆಟ್ಟ ವರ್ಷದ ಮರುದಿನ.

ಹಾಗಂತ ಟ್ಯಾಕ್ಸಿಯವರ ಮಾತಿಗೂ ನಾನು ತಲೆ ಆಡಿಸಲ್ಲ. 80ಕ್ಕೂ 88ಕ್ಕೂ ಏನು ಮಹಾ ಅಂದಿರಿ. ಸರಾಸರಿ ವೇಗ ಶೇ 1ರಷ್ಟು ಏರಿದರೆ ಸಾವಾಗುವಂಥ ಅಪಘಾತದ ಸಾಧ್ಯತೆ ಶೇ 4ರಷ್ಟು ಏರುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಹೊರದೇಶಗಳ 35 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದ, ಕಾಕ್ರೇನ್ ಅನ್ನುವ ಸಂಶೋಧಕರ ಸಂಸ್ಥೆಯ ಪರಿಶೀಲನೆ 2010ರಲ್ಲಿ ಬಂತು. ಕ್ಯಾಮೆರಾ ಇರುವ ಕಡೆ ಸಾವು, ಗಂಭೀರ ಗಾಯದ ಅಪಘಾತಗಳು ಶೇ 11ರಿಂದ 44ರವರೆಗೆ ಕಡಿಮೆ ಆಗಿದ್ದವು. ಕ್ಯಾಮೆರಾ ಕೆಲಸ ಮಾಡುತ್ತದೆ, ಆದರೆ 11ಕ್ಕೂ 44ಕ್ಕೂ ಎಷ್ಟು ಅಂತರ ನೋಡಿ. ಎಲ್ಲ ಕಂಬಕ್ಕೂ ಒಂದೇ ಫಲ ಸಿಗಲ್ಲ.

6ನೇ ಕ್ರಾಸ್
ಇಷ್ಟೆಲ್ಲ ಯಾಕೆ, ಎರಡು ಹಂಪ್ ಹಾಕಿಸಿ ಮುಗಿಸಿ. ಯಾರಿಗೂ ಚಲನ್ ಇಲ್ಲ, ಯಾರಿಗೂ ದುಡ್ಡಿಲ್ಲ.

1ನೇ ಕ್ರಾಸ್, ಇಂಜಿನಿಯರ್
ಬಡಾವಣೆಯ ಒಳಗೆ ಹಾಕಬಹುದು, ರಿಂಗ್ ರೋಡಲ್ಲಿ ಆಗಲ್ಲ. ಅದು ಈಗ ರಾಷ್ಟ್ರೀಯ ಹೆದ್ದಾರಿ. ಹೆದ್ದಾರಿಯಲ್ಲಿ ಹಂಪ್ ಬೇಡ ಅಂತ ಕೇಂದ್ರ ಸಾರಿಗೆ ಸಚಿವಾಲಯ ಹಿಂದೆಯೇ ಹೇಳಿದೆ. ಒಳಗೆ ಹಾಕುವುದಾದರೂ ರಸ್ತೆಗಳ ಮಾನದಂಡ ರೂಪಿಸುವ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಸಂಸ್ಥೆಯ ಅಳತೆ ಇದೆ, 3.7 ಮೀಟರ್ ಅಗಲ, 10 ಸೆಂ.ಮೀ. ಎತ್ತರ. ಗಾಡಿಯ ತಳ ಉಜ್ಜುವಂತೆ ಜನರೇ ಜಲ್ಲಿ ಸುರಿದು ಗುಡ್ಡೆ ಮಾಡಿಸುತ್ತಾರಲ್ಲ, ಅದು ಹಂಪ್ ಅಲ್ಲ, ಬೆನ್ನುನೋವು.

ನಮ್ಮ ತಿರುವಿನ ಸಮಸ್ಯೆ ಬರೀ ಸ್ಪೀಡ್ ಅಂತ ನನಗೆ ಅನಿಸಲ್ಲ. ಡಿವೈಡರ್ ನಡುವೆ ಬಿಟ್ಟಿರುವ ಜಾಗ ಕಿರಿದು. ಸ್ಕೂಟರ್ ತಿರುಗಲು ಕಾಯುತ್ತಾ ನಿಂತರೆ ಹಿಂದಿನ ಚಕ್ರ ವೇಗದ ಲೇನಿನಲ್ಲೇ ಇರುತ್ತದೆ. ಗಿಡ ಬೆಳೆದು ಎದುರಿನ ಗಾಡಿ ಕಾಣಲ್ಲ. ಕಂಬ ಇದೆ, ದೀಪ ಉರಿಯಲ್ಲ. ಕತ್ತಲಲ್ಲಿ ಅಲ್ಲೊಂದು ತಿರುವಿದೆ ಅಂತಲೇ ಹೊಸಬರಿಗೆ ಗೊತ್ತಾಗಲ್ಲ. ಇದನ್ನೆಲ್ಲ ಬಿಟ್ಟು ಕ್ಯಾಮೆರಾ ಒಂದನ್ನೇ ಹಾಕಿದರೆ ಗುದ್ದಿದ ಗಾಡಿಯ ನಂಬರ್ ಚೆನ್ನಾಗಿ ಸಿಗುತ್ತದೆ, ಅಷ್ಟೇ.

4ನೇ ಕ್ರಾಸ್, ವಕೀಲರು
ಟ್ಯಾಕ್ಸಿಯವರ ಸಿಟ್ಟಿಗೆ ಕಾನೂನಲ್ಲೇ ಉತ್ತರ ಇದೆ. ಕೇಂದ್ರ ಮೋಟಾರು ವಾಹನ ನಿಯಮ 167ಎ, 2021ರ ಆಗಸ್ಟಲ್ಲಿ ಬಂದದ್ದು. ಕ್ಯಾಮೆರಾ ಇರುವ ರಸ್ತೆಗೆ ಮುಂಚೆಯೇ ಕಣ್ಣಿಗೆ ಕಾಣುವ ಎಚ್ಚರಿಕೆ ಫಲಕ ಇರಬೇಕು. ಉಪಕರಣಕ್ಕೆ ಪ್ರಮಾಣಪತ್ರ ಬೇಕು, ಅದನ್ನು ವರ್ಷ ವರ್ಷ ನವೀಕರಿಸಬೇಕು. ತಪ್ಪಾದ 15 ದಿನದೊಳಗೆ ನೋಟಿಸ್ ಕಳಿಸಬೇಕು, ನಂಬರ್ ಪ್ಲೇಟ್ ಕಾಣುವ ಚಿತ್ರ ಮತ್ತು ಅಳೆದ ವೇಗದ ಸಮೇತ. ಮರದ ಮರೆ ಅನ್ನೋದು ಈ ನಿಯಮದ ಉದ್ದೇಶವೇ ಅಲ್ಲ. ಹಾಗೇ ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 198ಎ ಕೂಡ ಓದಿ. ರಸ್ತೆಯ ವಿನ್ಯಾಸ, ನಿರ್ವಹಣೆ ಸರಿ ಮಾಡದೆ ಸಾವು ಅಥವಾ ಅಂಗವೈಕಲ್ಯ ಆದರೆ ಹೊಣೆಗಾರರಿಗೆ 1 ಲಕ್ಷದವರೆಗೆ ದಂಡ.

3ನೇ ಕ್ರಾಸ್, ಟ್ಯಾಕ್ಸಿಯವರು
ಮೇಡಂ, ಆ 198ಎ ಮೆಸೇಜ್ ಯಾರ ಮೊಬೈಲಿಗಾದರೂ ಹೋಗಿದ್ದು ಕೇಳಿದ್ದೀರಾ?

4ನೇ ಕ್ರಾಸ್, ವಕೀಲರು
ಕೇಳಿಲ್ಲ. ಅದಕ್ಕೇ ಅರ್ಜಿಯಲ್ಲಿ ಆ ಸೆಕ್ಷನ್ ಹಾಕೋಣ ಅನ್ನುತ್ತೇನೆ.

ಕಾರ್ಯದರ್ಶಿ
ಸರಿ, ಅರ್ಜಿ ಬದಲಾಯಿಸುತ್ತೇನೆ. ಹೆದ್ದಾರಿಯವರಿಗೆ ಒಂದು, ಪೊಲೀಸರಿಗೆ ಒಂದು. ಮೊದಲನೆಯದರಲ್ಲಿ ದೀಪ, ಗಿಡ, ಡಿವೈಡರ್ ಜಾಗ, ನಡೆದು ದಾಟುವವರಿಗೆ ಪಟ್ಟೆ. ಎರಡನೆಯದರಲ್ಲಿ ಕ್ಯಾಮೆರಾ, ಆದರೆ ತಿರುವಿನ ಹತ್ತಿರವೇ, ಮುಂಚೆ ದೊಡ್ಡ ಫಲಕದ ಜೊತೆ.

ದುಡ್ಡಿನ ವಿಷಯಕ್ಕೆ ನನ್ನದೊಂದು ಮಾತು. ಕ್ಯಾಮೆರಾದಿಂದ ದುಡ್ಡು ಬರುತ್ತದೆ ಅನ್ನೋದು ತಪ್ಪಲ್ಲ, ಬರುತ್ತಲೇ ಇದ್ದರೆ ತಪ್ಪು. ಸರಿಯಾದ ಜಾಗದಲ್ಲಿ ಎಲ್ಲರಿಗೂ ಕಾಣುವಂತೆ ಇಟ್ಟ ಕ್ಯಾಮೆರಾಕ್ಕೆ ಮೊದಲ ತಿಂಗಳು ರಾಶಿ ಚಲನ್ ಸಿಗಬೇಕು, ಜನ ಕಲಿತ ಮೇಲೆ ಇಳಿಯಬೇಕು. ವರ್ಷ ಆದರೂ ಅಷ್ಟೇ ಚಲನ್ ಬೀಳುತ್ತಿದ್ದರೆ ಯಾರೂ ನಿಧಾನ ಆಗಿಲ್ಲ ಅಂತ ಅರ್ಥ. ಆಗ ಫಲಕ ನೋಡಬೇಕು, ಮಿತಿ ನೋಡಬೇಕು, ರಸ್ತೆ ನೋಡಬೇಕು. ಅದಕ್ಕೇ ಆ ಒಂದು ಕ್ಯಾಮೆರಾದ ಚಲನ್ ಸಂಖ್ಯೆ, ಆ ತಿರುವಿನ ಅಪಘಾತದ ಸಂಖ್ಯೆ ಎರಡನ್ನೂ ಆರು ತಿಂಗಳಿಗೊಮ್ಮೆ ಕೊಡಿ ಅಂತ ಬರೆಯುತ್ತೇನೆ. ಕೊಡದಿದ್ದರೆ ಆರ್‌ಟಿಐ ಹಾಕೋಣ, ಮೇಷ್ಟ್ರು ಲೆಕ್ಕ ನೋಡಲಿ.

ಮೇಷ್ಟ್ರು, 1ನೇ ಮೇನ್
ನೋಡುತ್ತೇನೆ. ಆದರೆ ಕಳೆದ ಮೂರು ವರ್ಷದ ಅಪಘಾತದ ಪಟ್ಟಿಯನ್ನು ಈಗಲೇ ಠಾಣೆಯಿಂದ ಕೇಳಿ. ಕ್ಯಾಮೆರಾ ಬಂದ ಮೇಲೆ ಕೇಳಿದರೆ ಹೋಲಿಸೋಕೆ ಏನೂ ಇರಲ್ಲ.

3ನೇ ಕ್ರಾಸ್, ಟ್ಯಾಕ್ಸಿಯವರು
ಫಲಕ ಮೊದಲು, ಕ್ಯಾಮೆರಾ ಆಮೇಲೆ ಅಂತ ಬರೆದರೆ ನನ್ನ ಸಹಿ ಇದೆ. ಅರ್ಧ ದಂಡ ನಿಲ್ಲಿಸಿ ಅಂತಲೂ ಒಂದು ಸಾಲು ಹಾಕಿ.

ಕಾರ್ಯದರ್ಶಿ
ಅದು ಸರ್ಕಾರದ ಆದೇಶ, ಇನ್ಸ್‌ಪೆಕ್ಟರ್ ಏನು ಮಾಡುತ್ತಾರೆ ಪಾಪ. ಅದಕ್ಕೆ ಬೇರೆ ಪತ್ರ ಬರೆಯೋಣ, ನೀವೇ ಕರಡು ಮಾಡಿ. ಭಾನುವಾರ ಬೆಳಿಗ್ಗೆ 10ಕ್ಕೆ ಪಾರ್ಕಿನಲ್ಲಿ ಸಹಿ. ಇಂಜಿನಿಯರ್ ಸಾಹೇಬರು ಟೇಪ್ ತನ್ನಿ, ಡಿವೈಡರ್ ಜಾಗ ಅಳೆದು ಫೋಟೋ ತೆಗೆದು ಅರ್ಜಿಗೆ ಲಗತ್ತಿಸಬೇಕು.