ನೆನೆದು ಒಣಗಿ ಮತ್ತೆ ನೆನೆದ ಬೀಜ ಬದುಕಿರುತ್ತಾ?

ಹಸಿಮಣ್ಣು: ಅಲಸಂದೆ ಬಿತ್ತಿ 12 ದಿನ ಆಯ್ತು. ಮಾರನೇ ದಿನ ಸಣ್ಣ ಮಳೆ ಬಂತು, ಆಮೇಲೆ ನಾಲ್ಕೈದು ದಿನ ಬಿಸಿಲು, ಮತ್ತೆ ಹನಿ, ಮತ್ತೆ ಬಿಸಿಲು. ಇವತ್ತು ಕೆದಕಿ ನೋಡಿದ್ರೆ ಕೆಲವು ಊದಿ ಒಣಗಿ ಸಿಪ್ಪೆ ಸುಕ್ಕಾಗಿದೆ, ಕೆಲವದ್ರಲ್ಲಿ ಬೇರು ಮೂತಿ ಹೊರಗೆ ಬಂದು ಕಪ್ಪಗಾಗಿದೆ. ಇವು ಇನ್ನು ಹುಟ್ಟುತ್ತಾ? ನೆನೆಸಿ ಒಣಗಿಸಿ ಬಿತ್ತಿದ್ರೆ ಒಳ್ಳೇದು ಅಂತಾರಲ್ಲ, ಹಂಗಾದ್ರೆ ಇಲ್ಲಿ ಯಾಕೆ ಕೆಟ್ಟಿತು?

ಮೊಳಕೆ: ಬೇರು ಹೊರಗೆ ಬಂದು ಕಪ್ಪಾಗಿರೋದನ್ನ ಬಿಟ್ಬಿಡಿ, ಹುಟ್ಟಲ್ಲ. ಒಣ ಬೀಜದಲ್ಲಿ ಜೀವಕೋಶದ ಪೊರೆ ಹಾಳಾಗ್ದೇ ಇರೋದಕ್ಕೆ ಸಕ್ಕರೆ ಅಂಶಗಳು, ಕೆಲವು ಪ್ರೋಟೀನ್‌ಗಳು ಕಾವಲಿರ್ತವೆ, ಆದ್ರೆ ಬೇರು ಉದ್ದ ಆಗೋಕೆ ಶುರುವಾದ್ಮೇಲೆ ಆ ಸಕ್ಕರೆಯೆಲ್ಲ ಖರ್ಚಾಗಿ ಕೋಶದೊಳಗೆ ಬರೀ ನೀರು ತುಂಬ್ಕೊಳ್ಳುತ್ತೆ, ಆಗ ಒಣಗಿದ್ರೆ ಪೊರೆ ಹರಿದೇ ಹೋಗುತ್ತೆ. ಬೇರು ಬರೋ ಮುಂಚೆ ಒಣಗಿದ್ದು ಬದುಕಿರೋ ಸಾಧ್ಯತೆ ಇದೆ.

ಹಸಿಮಣ್ಣು: ಸುಕ್ಕಾಗಿರೋದೇ ಜಾಸ್ತಿ. ಅವು ಎಷ್ಟು ಸಲ ತಡ್ಕೊಳ್ತವೆ?

ಗೊನೆ: ಇಷ್ಟೇ ಸಲ ಅಂತ ಲೆಕ್ಕ ಹೇಳೋಕಾಗಲ್ಲ, ಎಷ್ಟು ಹೊತ್ತು ನೆನೆದಿತ್ತು, ಬೀಜ ಎಷ್ಟು ಹಳೇದು ಅನ್ನೋದ್ರ ಮೇಲೆ ಹೋಗುತ್ತೆ. ಒಣ ಬೀಜಕ್ಕೆ ನೀರು ತಾಗಿದ ಕೂಡ್ಲೇ ಗಟ್ಟಿಯಾಗಿದ್ದ ಪೊರೆ ಮತ್ತೆ ಸರಿ ಕೂರೋವರೆಗೆ ಒಳಗಿನ ಪೊಟ್ಯಾಸಿಯಂ, ಸಕ್ಕರೆ ಎಲ್ಲ ಸೋರುತ್ತೆ. ಒಳ್ಳೇ ಬೀಜದಲ್ಲಿ ಬೇಗ ನಿಲ್ಲುತ್ತೆ, ಹಳೇದು ಅಥವಾ ಸಿಪ್ಪೆ ಬಿರಿದದ್ದು ಸೋರ್ತಾನೇ ಇರುತ್ತೆ. ಆ ಸೋರಿದ್ದೇ ಮಣ್ಣಲ್ಲಿರೋ ಬೂಷ್ಟಿಗೆ (ಶಿಲೀಂಧ್ರಕ್ಕೆ) ಊಟ. ಲ್ಯಾಬಲ್ಲಿ ಬೀಜದ ಕಸುವು ನೋಡೋಕೆ ನೆನೆಸಿದ ನೀರಲ್ಲಿ ಕರೆಂಟ್ ಎಷ್ಟು ಹರಿಯುತ್ತೆ ಅಂತ ಅಳೀತಾರೆ, ಅದೂ ಈ ಸೋರಿಕೆ ಅಳತೆನೇ.

ನನ್ನ ಪ್ರಕಾರ ನಿಜವಾದ ಅಪಾಯ ಅರೆಬರೆ ತೇವ. ಚೆನ್ನಾಗಿ ನೆನೆದು ಗಾಳಿನೂ ಸಿಕ್ರೆ ಬೀಜ ಒಳಗೊಳಗೇ ಪೊರೆ, ಡಿಎನ್‌ಎ ರಿಪೇರಿ ಮಾಡ್ಕೊಳ್ಳುತ್ತೆ, ನೆನೆಸಿ ಒಣಗಿಸೋದ್ರಿಂದ ಆಗೋ ಲಾಭ ಅದೇ. ಅರೆ ತೇವದಲ್ಲಿ ಹಾಳಾಗೋ ಕೆಲಸ ಜೋರಾಗಿ ನಡೆಯುತ್ತೆ, ರಿಪೇರಿಗೆ ಬೇಕಾದಷ್ಟು ನೀರಿರಲ್ಲ. ಹನಿ ಮಳೆ ಮಾಡಿದ್ದು ಇದನ್ನೇ.

ಮೊಳಕೆ: ಹೌದು ಇದು ನಾನು ಬಿಟ್ಟಿದ್ದೆ. ಅಲಸಂದೆ, ಸೋಯಾ ಥರದ್ದನ್ನ ನೀರಲ್ಲಿ ಮುಳುಗಿಸಿ ನೆನೆಸೋದೂ ಬೇಡ, ನೀರು ರಭಸವಾಗಿ ನುಗ್ಗಿ ಬೇಳೆ ಹೊರಪದರದ ಕೋಶ ಒಡೆಯುತ್ತೆ, ತಣ್ಣೀರಾದ್ರೆ ಇನ್ನೂ ಕೆಟ್ಟದ್ದು. ಒದ್ದೆ ಬಟ್ಟೆಲಿ ಸುತ್ತಿಟ್ರೆ ನಿಧಾನಕ್ಕೆ ಎಳ್ಕೊಳ್ಳುತ್ತೆ. ಒಣಗಿಸಿದ್ದನ್ನ ಬೇಗ ಬಿತ್ತಿಬಿಡಿ, ತುಂಬಾ ದಿನ ಇಟ್ರೆ ಮಾಮೂಲಿ ಬೀಜಕ್ಕಿಂತ ಬೇಗ ಸಾಯುತ್ತೆ.

ಹಸಿಮಣ್ಣು: ಬೇರೆ ಬೇರೆ ಸಾಲಿಂದ ಸುಕ್ಕಾದ 50 ಬೀಜ ತಂದು ಒದ್ದೆ ಬಟ್ಟೆಲಿ ಸುತ್ತಿಟ್ಟಿದೀನಿ. ಐದು ದಿನ ಬಿಟ್ಟು ಎಣಿಸಿ ಹೇಳ್ತೀನಿ, ಅರ್ಧಕ್ಕಿಂತ ಕಮ್ಮಿ ಬಂದ್ರೆ ಮತ್ತೆ ಬಿತ್ತೋದೇ.